ಆಟಗಾರರ ಹಿಸ್ಸೆ: ಕಾಲೇಜು ಕ್ರೀಡೆಯ ಹಣ ಯಾರದು?

ವಾಣಿಜ್ಯ ವಿಭಾಗದ ಅಧ್ಯಯನ ಲೇಖನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಲ್ಲಿ ನೋಡಿದರೂ ಪಿಯು ಕಾಲೇಜುಗಳ ಬ್ಯಾನರ್‌ಗಳು ಕಾಣುತ್ತವೆ. ಮೇಲಿನ ಸಾಲಿನಲ್ಲಿ ಹೆಚ್ಚು ಅಂಕ ಪಡೆದವರ ಫೋಟೊ ಇರುತ್ತದೆ. ಕೆಳಗಿನ ಸಾಲಿನಲ್ಲಿ ಕೊರಳಿಗೆ ಪದಕ ಹಾಕಿಕೊಂಡ ಆಟಗಾರರು ಇರುತ್ತಾರೆ. ಕಬಡ್ಡಿಯಲ್ಲಿ ಜಿಲ್ಲೆಗೆ ಪ್ರಥಮ, ಖೋ ಖೋದಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆ ಎಂದು ಬರೆದಿರುತ್ತದೆ. ಆ ಬ್ಯಾನರ್ ನೋಡಿದ ತಂದೆ ತಾಯಿಗಳು ಕಾಲೇಜಿಗೆ ಬಂದು ವಿಚಾರಿಸುತ್ತಾರೆ, ಮಕ್ಕಳನ್ನು ಸೇರಿಸುತ್ತಾರೆ, ಫೀಸು ಕಟ್ಟುತ್ತಾರೆ. ಅಂದರೆ ಆ ಫೋಟೊ ಕಾಲೇಜಿಗಾಗಿ ಒಂದು ಕೆಲಸ ಮಾಡುತ್ತಿದೆ. ಆ ಕೆಲಸಕ್ಕೆ ಬೆಲೆ ಇದೆಯೇ? ಇದ್ದರೆ ಅದರಲ್ಲಿ ಆಟಗಾರನಿಗೆ ಪಾಲು ಸಿಗಬೇಕೇ?

ನಮ್ಮ ಮನೆಗಳಲ್ಲಿ ಪಾಲಿಗೆ ಹಿಸ್ಸಾ ಅನ್ನುತ್ತೇವೆ. ಈ ಮಾತು ಕನ್ನಡಕ್ಕೂ ಹೊಸದಲ್ಲ, ಹೊಲದ ಪಹಣಿಯಲ್ಲೇ ಹಿಸ್ಸಾ ನಂಬರ್ ಇರುತ್ತದೆ. ಹೊಲಕ್ಕೆ ಹಿಸ್ಸೆ ಬರೆದಿಡುವ ನಾವು ಆಟಕ್ಕೆ ಏಕೆ ಬರೆದಿಡುವುದಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ. ನಾವು ವಾಣಿಜ್ಯ ವಿದ್ಯಾರ್ಥಿಗಳು. ಆದ್ದರಿಂದ ಇದನ್ನು ಅಭಿಮಾನದಿಂದ ಅಲ್ಲ, ಲೆಕ್ಕದಿಂದ ನೋಡೋಣ.

1. ಹಣ ಎಲ್ಲಿಂದ ಬರುತ್ತದೆ, ಖರ್ಚು ಯಾರ ಮೇಲೆ ಬೀಳುತ್ತದೆ?

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಪಿಯು ಕಾಲೇಜುಗಳು ಆಟದಿಂದ ದೊಡ್ಡ ಹಣ ಮಾಡುತ್ತಿಲ್ಲ. ಇಲಾಖೆ ನಡೆಸುವ ತಾಲ್ಲೂಕು, ಜಿಲ್ಲಾ ಮತ್ತು ರಾಜ್ಯ ಮಟ್ಟದ ಕ್ರೀಡಾಕೂಟಗಳಿಗೆ ಟಿಕೆಟ್ ಇಲ್ಲ, ಟಿವಿ ಪ್ರಸಾರ ಇಲ್ಲ. ಗೆದ್ದವರಿಗೆ ಪದಕ ಮತ್ತು ಪ್ರಮಾಣಪತ್ರ ಸಿಗುತ್ತದೆ. ಬಹಳ ಕಾಲೇಜುಗಳಲ್ಲಿ ಕ್ರೀಡೆ ಎಂದರೆ ಆದಾಯವಲ್ಲ, ಖರ್ಚು.

ಆದರೂ ಮೂರು ದಾರಿಗಳಿಂದ ಬೆಲೆ ಹುಟ್ಟುತ್ತದೆ. ಒಂದು, ಬಹುಮಾನದ ಹಣ. ಯುವಕ ಸಂಘಗಳು, ಜಾತ್ರೆ ಉರುಸುಗಳ ಸಮಿತಿಗಳು ನಡೆಸುವ ಟೂರ್ನಮೆಂಟುಗಳಲ್ಲಿ ಗೆದ್ದ ತಂಡಕ್ಕೆ ನಗದು ಸಿಗುತ್ತದೆ. ಎರಡು, ಪ್ರಾಯೋಜಕರು ಮತ್ತು ದಾನಿಗಳು. ಟಿ-ಶರ್ಟಿನ ಮೇಲೆ ಅಂಗಡಿಯ ಹೆಸರು ಹಾಕಿಸಿ ಹಣ ಕೊಡುವವರಿದ್ದಾರೆ. ಮೂರು, ಹೆಸರು. ಇದು ಕಣ್ಣಿಗೆ ಕಾಣುವ ನಗದು ಅಲ್ಲ, ಆದರೆ ನಮ್ಮ ಪಠ್ಯದಲ್ಲಿ ಇದಕ್ಕೆ ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯ ಎಂಬ ಹೆಸರಿದೆ. ಸಂಸ್ಥೆಗೆ ಗ್ರಾಹಕರನ್ನು ಎಳೆದು ತರುವ ಒಳ್ಳೆಯ ಹೆಸರೂ ಒಂದು ಆಸ್ತಿಯೇ.

ಈಗ ಖರ್ಚಿನ ಕಡೆ ನೋಡೋಣ. ಶೂ, ಬಸ್ ಚಾರ್ಜು, ಮೊಟ್ಟೆ, ಹಾಲು ಎಲ್ಲವೂ ಮನೆಯ ಮೇಲೆ. ಕುರುಗೋಡಿನಿಂದ ದಿನವೂ ಬಳ್ಳಾರಿಗೆ ಬಸ್ಸಿನಲ್ಲಿ ಬರುವ ಹುಡುಗಿ ಸಂಜೆ ಅಭ್ಯಾಸಕ್ಕೆ ನಿಂತರೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಅವಳನ್ನು ಕರೆದುಕೊಂಡು ಹೋಗಲು ಅಣ್ಣನೋ ತಂದೆಯೋ ಕೆಲಸ ಬಿಟ್ಟು ಬಸ್ ನಿಲ್ದಾಣಕ್ಕೆ ಬರಬೇಕು. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ದುಡಿಯುವ ಮನೆಗಳ ಹುಡುಗರು ಕಾಲೇಜು ಮುಗಿದ ಮೇಲೆ ಎರಡು ಗಂಟೆ ಮನೆಯವರಿಗೆ ಕೈಜೋಡಿಸಿದರೆ ಒಂದಿಷ್ಟು ಪೀಸ್ ಹೆಚ್ಚು ಆಗುತ್ತದೆ. ಆ ಎರಡು ಗಂಟೆ ಮೈದಾನದಲ್ಲಿ ಕಳೆದರೆ ಆ ಸಂಪಾದನೆ ಹೋಯಿತು. ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚ ಎಂದರೆ ಇದೇ.

ಎಲ್ಲಕ್ಕಿಂತ ದೊಡ್ಡ ಖರ್ಚು ಗಾಯ. ಸಿರುಗುಪ್ಪ ಕಡೆಯ ಒಬ್ಬ ಕಬಡ್ಡಿ ಆಟಗಾರ ನನಗೆ ಪರಿಚಯ. ಪಂದ್ಯದಲ್ಲಿ ಅವನ ಮೊಣಕಾಲು ತಿರುಚಿತು. ಸ್ಕ್ಯಾನಿಂಗ್, ಔಷಧಿ, ಬಳ್ಳಾರಿಗೆ ಓಡಾಟ ಎಲ್ಲವನ್ನೂ ಮನೆಯವರೇ ಸಾಲ ಮಾಡಿ ಭರಿಸಿದರು. ಅವನ ಫೋಟೊ ಇದ್ದ ಬ್ಯಾನರ್ ಮಾತ್ರ ಆ ವರ್ಷದ ಅಡ್ಮಿಷನ್ ಮುಗಿಯುವ ತನಕ ಗೇಟಿನ ಮೇಲೆ ಇತ್ತು. ಅವನ ಕಾಲೇಜಿನವರು ಕೆಟ್ಟವರಲ್ಲ. ಇಂಥ ಸಮಯಕ್ಕೆ ಹಣ ಎಲ್ಲಿಂದ ತೆಗೆಯಬೇಕು ಎಂದು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ, ಅಷ್ಟೇ. ಲಾಭ ಸಂಸ್ಥೆಗೆ, ನಷ್ಟ ಆಟಗಾರನಿಗೆ ಎಂಬ ಹಂಚಿಕೆ ಯಾರೂ ಬೇಕೆಂದು ಮಾಡಿದ್ದಲ್ಲ. ಬರೆದಿಡದೇ ಹೋದರೆ ಅದು ತಾನಾಗಿಯೇ ಆಗುತ್ತದೆ.

2. ಅಮೆರಿಕದಲ್ಲಿ ನಡೆದದ್ದು

ಈ ಪ್ರಶ್ನೆ ಜಗತ್ತಿನಲ್ಲಿ ಅತಿ ದೊಡ್ಡದಾಗಿ ಎದ್ದದ್ದು ಅಮೆರಿಕದಲ್ಲಿ. ಅಲ್ಲಿ ಕಾಲೇಜುಗಳ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ 2010ರಲ್ಲಿ ತನ್ನ ಬಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕನ್ನು 14 ವರ್ಷಕ್ಕೆ 1,080 ಕೋಟಿ ಡಾಲರಿಗೆ ಮಾರಿತು. ಕೋಚ್‌ಗಳಿಗೆ ಭಾರಿ ಸಂಬಳ ಇತ್ತು. ಆಡುವ ಹುಡುಗರಿಗೆ ಮಾತ್ರ ವಿದ್ಯಾರ್ಥಿವೇತನ ಬಿಟ್ಟು ಬೇರೆ ಹಣ ಪಡೆಯಬಾರದೆಂಬ ನಿಯಮ ಇತ್ತು. ಅವರು ಹವ್ಯಾಸಿಗಳು, ಹಣ ಮುಟ್ಟಿದರೆ ಕ್ರೀಡೆ ಕೆಡುತ್ತದೆ ಎಂಬುದು ಸಂಸ್ಥೆಯ ವಾದ.

ಎಡ್ ಒಬ್ಯಾನನ್ ಎಂಬ ಹಳೆಯ ಬಾಸ್ಕೆಟ್‌ಬಾಲ್ ಆಟಗಾರ ಒಂದು ವಿಡಿಯೊ ಗೇಮಿನಲ್ಲಿ ತನ್ನದೇ ರೂಪವನ್ನು ಕಂಡ. ಗೇಮ್ ಮಾರಾಟವಾಗುತ್ತಿತ್ತು, ಅವನಿಗೆ ಒಂದು ಡಾಲರೂ ಬಂದಿರಲಿಲ್ಲ. 2009ರಲ್ಲಿ ಕೋರ್ಟಿಗೆ ಹೋದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಆಟಗಾರರ ಪರ ತೀರ್ಪು ಕೊಟ್ಟರು. 2021ರ ಜೂನ್ 21ರಂದು ಆಲ್‌ಸ್ಟನ್ ಎಂಬ ಇನ್ನೊಂದು ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳೂ ಒಮ್ಮತದಿಂದ, ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಎಂದರು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅವಕಾಶವಾಯಿತು. 2025ರ ಜೂನ್ 6ರಂದು ಹೌಸ್ ಮೊಕದ್ದಮೆಯ ರಾಜಿಗೆ ಕೋರ್ಟು ಒಪ್ಪಿಗೆ ಕೊಟ್ಟಿತು. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ, ಈಗಿನವರಿಗೆ ಕಾಲೇಜಿನಿಂದಲೇ ನೇರ ಪಾಲು. 2025–26ನೇ ಸಾಲಿಗೆ ಒಂದು ಕಾಲೇಜು ಹಂಚಬಹುದಾದ ಮಿತಿ 2.05 ಕೋಟಿ ಡಾಲರ್.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಹಣ ಮುಟ್ಟಿದರೆ ಕ್ರೀಡೆ ಕೆಡುತ್ತದೆ ಎಂಬ ಮಾತು ಆಟಗಾರನಿಗೆ ಮಾತ್ರ ಅನ್ವಯವಾಗಿ, ಉಳಿದವರೆಲ್ಲ ಹಣ ಮುಟ್ಟುತ್ತಿದ್ದರೆ ಅದು ನೀತಿಯಲ್ಲ, ಅನುಕೂಲ. ಎರಡನೆಯದು ಎಚ್ಚರಿಕೆಯ ಪಾಠ. ಅಲ್ಲಿ ಈಗ ಹಂಚುವ ಹಣದ ಬಹುಪಾಲು ಹುಡುಗರ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗೆ ಹೋಗುತ್ತಿದೆ. ಈಜು, ಓಟ ಮತ್ತು ಹುಡುಗಿಯರ ತಂಡಗಳಿಗೆ ಸ್ವಲ್ಪವೇ ಉಳಿಯುತ್ತದೆ. ಜನ ಸೇರುವ ಆಟಕ್ಕೇ ಎಲ್ಲವೂ ಎಂದರೆ ಜನ ಸೇರದ ಆಟ ಒಣಗುತ್ತದೆ.

3. ನಮ್ಮ ದೇಶದಲ್ಲಿ: ಕ್ರಿಕೆಟ್ ಮತ್ತು ಖೋ ಖೋ

ಪಾಲು ಎಂಬ ಮಾತು ಭಾರತಕ್ಕೂ ಹೊಸದಲ್ಲ. ಬಿಸಿಸಿಐ ತನ್ನ ಒಟ್ಟು ಆದಾಯದಲ್ಲಿ ಶೇ. 26ರಷ್ಟನ್ನು ಆಟಗಾರರಿಗೆ ಎಂದು ಇಡುವ ಪದ್ಧತಿ ಇದೆ. ಅದರಲ್ಲಿ ಶೇ. 13 ಅಂತರರಾಷ್ಟ್ರೀಯ ಆಟಗಾರರಿಗೆ, ಶೇ. 10.6 ದೇಶೀಯ ಆಟಗಾರರಿಗೆ, ಉಳಿದದ್ದು ಮಹಿಳೆಯರಿಗೆ ಮತ್ತು ಕಿರಿಯರಿಗೆ. ಆಟಗಾರರಿಗೆ ವಾರ್ಷಿಕ ಒಪ್ಪಂದ ಮತ್ತು ನಿಗದಿತ ಪಾಲು ಬರಬೇಕೆಂದು ಮಂಡಳಿಯ ಮುಂದೆ ವಾದಿಸಿದವರಲ್ಲಿ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಮುಂದಿದ್ದರು. ಇಂಜಿನಿಯರಿಂಗ್ ಓದಿದ ಬೌಲರ್ ಲೆಕ್ಕದ ಹಾಳೆ ಹಿಡಿದು ಆಟಗಾರರ ಪರ ಕೂತದ್ದು ನಮ್ಮಂಥ ವಿದ್ಯಾರ್ಥಿಗಳು ನೆನಪಿಡಬೇಕಾದ ವಿಷಯ.

2021ರ ಸೆಪ್ಟೆಂಬರಿನಲ್ಲಿ ಬಿಸಿಸಿಐ ದೇಶೀಯ ಪಂದ್ಯದ ಶುಲ್ಕವನ್ನು ಏರಿಸಿತು. 40ಕ್ಕಿಂತ ಹೆಚ್ಚು ಪಂದ್ಯ ಆಡಿದ ಹಿರಿಯ ಆಟಗಾರನಿಗೆ ದಿನಕ್ಕೆ 60,000 ರೂಪಾಯಿ, 19 ವರ್ಷದೊಳಗಿನ ಹುಡುಗನಿಗೆ ದಿನಕ್ಕೆ 20,000 ರೂಪಾಯಿ ಎಂದು ಗೊತ್ತುಮಾಡಿತು. ಯೋಚಿಸಿ ನೋಡಿ. 17 ವರ್ಷದ ಒಬ್ಬ ಹುಡುಗ ರಾಜ್ಯದ ಪರ ಕ್ರಿಕೆಟ್ ಆಡಿದರೆ ಅವನ ಒಂದು ದಿನಕ್ಕೆ ಬರೆದಿಟ್ಟ ಬೆಲೆ ಇದೆ. ಅದೇ ವಯಸ್ಸಿನ ಇನ್ನೊಬ್ಬ ರಾಜ್ಯ ಮಟ್ಟದ ಪಿಯು ಕ್ರೀಡಾಕೂಟದಲ್ಲಿ ಕಬಡ್ಡಿ ಆಡಿದರೆ ಸಿಗುವುದು ಪದಕ ಮಾತ್ರ. ಇಬ್ಬರ ಬೆವರಿನಲ್ಲಿ ವ್ಯತ್ಯಾಸವಿಲ್ಲ, ಇಬ್ಬರ ಮಾರುಕಟ್ಟೆಯಲ್ಲಿ ವ್ಯತ್ಯಾಸ ಇದೆ. ಮಾರುಕಟ್ಟೆಯನ್ನು ನಾವು ಬದಲಿಸಲಾರೆವು. ಆದರೆ ಬರೆದಿಡುವ ಪದ್ಧತಿಯನ್ನು ಕಲಿಯಬಹುದು.

ಖೋ ಖೋ ಉದಾಹರಣೆ ಇನ್ನೂ ಹತ್ತಿರದ್ದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ನೇಪಾಳವನ್ನು ಸೋಲಿಸಿ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದ ಗೌತಮ್ ಎಂ.ಕೆ. ಮತ್ತು ಚೈತ್ರಾ ಬಿ. ಇದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು. ನಮ್ಮ ಇಬ್ಬರೂ ಆ 5 ಲಕ್ಷವನ್ನು ಒಪ್ಪಲಿಲ್ಲ. ಇದನ್ನು ದುರಾಸೆ ಎನ್ನಬೇಕೇ? ಒಂದೇ ತಂಡ, ಒಂದೇ ಕಪ್, ಆದರೆ ರಾಜ್ಯದ ಗಡಿ ದಾಟಿದರೆ ಬೆಲೆ 45 ಪಟ್ಟು. ಮೊದಲೇ ನಿಯಮ ಬರೆದಿದ್ದರೆ ಗೆದ್ದು ಬಂದವರು ಕೇಳಬೇಕಾದ ಪರಿಸ್ಥಿತಿ ಬರುತ್ತಿರಲಿಲ್ಲ. ಬಹುಮಾನ ಎನ್ನುವುದು ಕೊಡುವವರ ಮನಸ್ಸಿಗೆ ಬಿಟ್ಟದ್ದು. ಪಾಲು ಎನ್ನುವುದು ಪಡೆಯುವವರ ಹಕ್ಕು. ಈ ಎರಡರ ವ್ಯತ್ಯಾಸವೇ ನಮ್ಮ ಪಾಠದ ತಿರುಳು.

4. ನಮ್ಮ ಜಿಲ್ಲೆಯಲ್ಲೇ ಎರಡು ಮಾದರಿ

ಬಳ್ಳಾರಿ ಜಿಲ್ಲೆಯ ವಿಜಯನಗರ ಟೌನ್‌ಶಿಪ್‌ನಲ್ಲಿ, ತೋರಣಗಲ್ಲಿನ ಹತ್ತಿರ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಜೆಎಸ್‌ಡಬ್ಲ್ಯು ಸಂಸ್ಥೆಯ ಬೆಂಬಲದ ಈ ಕೇಂದ್ರದಲ್ಲಿ ತರಬೇತಿ ಪಡೆದವರಲ್ಲಿ ನೀರಜ್ ಚೋಪ್ರಾ ಕೂಡ ಇದ್ದಾರೆ. ಇಲ್ಲಿ ಆಯ್ಕೆಯಾದ ಮಕ್ಕಳಿಗೆ ವಸತಿ, ಊಟ, ಓದು, ತರಬೇತಿ, ಚಿಕಿತ್ಸೆ ಎಲ್ಲದರ ಹೊಣೆ ಸಂಸ್ಥೆಯದು. 2013ರ ಕಂಪನಿಗಳ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ಇದು ಮೊದಲ ಮಾದರಿ. ಹಣ ಕೈಗೆ ಬರುವುದಿಲ್ಲ, ಆದರೆ ಗಾಯವಾದರೆ ನೋಡಿಕೊಳ್ಳುವವರು ಇದ್ದಾರೆ.

ಎರಡನೆಯದು ಬಳ್ಳಾರಿ ಟಸ್ಕರ್ಸ್. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮ ಊರಿನ ಹೆಸರು ಹೊತ್ತ ತಂಡ ಅದು. 2019ರಲ್ಲಿ ಫೈನಲ್ ತನಕ ಹೋಗಿ ಹುಬ್ಬಳ್ಳಿ ಟೈಗರ್ಸ್ ಎದುರು ಸೋತಿತು. ಆಮೇಲೆ ಅದೇ ಫೈನಲ್ ಬಗ್ಗೆ ಫಿಕ್ಸಿಂಗ್ ಆರೋಪ ಬಂದು ಪೊಲೀಸ್ ತನಿಖೆ ನಡೆಯಿತು. ಲೀಗ್ ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ. 2022ರಿಂದ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ರಾಜ್ಯದ ಟಿ20 ಟೂರ್ನಿ ನಡೆಯುತ್ತಿದೆ. ಆಟದಲ್ಲಿ ಹಣ ಬಂದರೆ ಸಾಲದು, ಅದು ಬೆಳಕಿನಲ್ಲಿ ಬರಬೇಕು. ಲೆಕ್ಕ ಕಾಣದ ಕಡೆಗೆ ಬೆಟ್ಟಿಂಗಿನವರು ಮೊದಲು ಬರುತ್ತಾರೆ.

ಇಲ್ಲಿ ನಮ್ಮ ಉಲಮಾಗಳು ಹೇಳುವ ಒಂದು ಮಾತೂ ಸೇರಿಸಬೇಕು. ತಂಡಗಳು ಕಟ್ಟಿದ ಪ್ರವೇಶ ಶುಲ್ಕವನ್ನೇ ಒಟ್ಟು ಮಾಡಿ ಗೆದ್ದವರಿಗೆ ಕೊಟ್ಟರೆ ಅದು ಜೂಜಿನ ಹಾಗೆ ಆಗುತ್ತದೆ ಎಂದು ಅವರಲ್ಲಿ ಬಹಳ ಜನ ಹೇಳುತ್ತಾರೆ. ಹೊರಗಿನ ದಾನಿ ಅಥವಾ ಪ್ರಾಯೋಜಕ ಕೊಟ್ಟ ಬಹುಮಾನಕ್ಕೆ ಆ ದೋಷವಿಲ್ಲ. ಧರ್ಮದ ದೃಷ್ಟಿಯಿಂದಾಗಲಿ ಲೆಕ್ಕಪತ್ರದ ದೃಷ್ಟಿಯಿಂದಾಗಲಿ ಮೊದಲ ಪ್ರಶ್ನೆ ಒಂದೇ: ಈ ಹಣ ಎಲ್ಲಿಂದ ಬಂತು?

5. ಕೂಲಿಯೇ, ಪಾಲೇ?

ಆಟಗಾರ ಕಾಲೇಜಿಗೆ ಏನಾಗಬೇಕು? ನಮ್ಮ ಸುತ್ತಲೇ ಇರುವ ಎರಡು ಸಂಬಂಧಗಳನ್ನು ನೋಡೋಣ.

ಜೀನ್ಸ್ ಯೂನಿಟ್‌ನಲ್ಲಿ ಜಾಬ್ ವರ್ಕ್ ಮಾಡುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಪ್ಯಾಂಟು ಮಾರಾಟವಾಗಲಿ ಬಿಡಲಿ ಹೊಲಿದದ್ದಕ್ಕೆ ಹಣ ಬರುತ್ತದೆ. ಲೇಬಲ್‌ಗೆ ದೊಡ್ಡ ಹೆಸರು ಬಂದರೆ ಹೊಲಿದವರಿಗೆ ಹೆಚ್ಚು ಬರುವುದಿಲ್ಲ. ಇದು ಕೂಲಿ ಸಂಬಂಧ. ಆಟಗಾರನನ್ನು ಹೀಗೆ ನೋಡಿದರೆ ಅವನು ಕಾಲೇಜಿನ ನೌಕರನಾಗುತ್ತಾನೆ, ವಿದ್ಯಾರ್ಥಿಯಾಗಿ ಉಳಿಯುವುದಿಲ್ಲ. ಇದು ನಮಗೆ ಬೇಡ.

ಸಿರುಗುಪ್ಪ ಕಡೆ ಭತ್ತದ ಗದ್ದೆಗಳನ್ನು ಪಾಲಿಗೆ ಮಾಡುವ ಪದ್ಧತಿ ಇದೆ. ಹೊಲದ ಯಜಮಾನನದು ಭೂಮಿ, ಮಾಡುವವನದು ದುಡಿಮೆ. ಬೀಜ ಗೊಬ್ಬರದ ಖರ್ಚು ಯಾರದು ಎಂದು ಮೊದಲೇ ಮಾತಾಗಿರುತ್ತದೆ. ಬೆಳೆ ಬಂದ ಮೇಲೆ ಮಾತಾಡಿದ ಹಾಗೆ ಹಂಚಿಕೊಳ್ಳುತ್ತಾರೆ. ಇಸ್ಲಾಮಿನ ವ್ಯವಹಾರ ನಿಯಮಗಳಲ್ಲಿ ಮುದಾರಬಾ ಎಂಬುದೂ ಹೀಗೆಯೇ. ಒಬ್ಬರದು ಬಂಡವಾಳ, ಇನ್ನೊಬ್ಬರದು ದುಡಿಮೆ. ಲಾಭವನ್ನು ಒಪ್ಪಿದ ಅನುಪಾತದಲ್ಲಿ ಹಂಚಬೇಕು. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ಹಣದ ನಷ್ಟ ಬಂಡವಾಳ ಹಾಕಿದವನದು, ದುಡಿದವನಿಗೆ ತನ್ನ ದುಡಿಮೆಯ ನಷ್ಟ ಆಗಲೇ ಆಗಿದೆ. ಕಾಲೇಜಿಗೆ ಮೈದಾನ, ಕೋಚ್ ಮತ್ತು ಹೆಸರು ಇದೆ. ಆಟಗಾರನಿಗೆ ಮೈ ಮತ್ತು ಸಮಯ ಇದೆ. ಈ ಸಂಬಂಧಕ್ಕೆ ಹತ್ತಿರವಾದದ್ದು ಕೂಲಿ ಅಲ್ಲ, ಪಾಲು.

6. ನಮ್ಮ ವಯಸ್ಸಿಗೆ ಕಾನೂನು ಏನು ಹೇಳುತ್ತದೆ?

ಪಿಯು ಆಟಗಾರರಲ್ಲಿ ಹೆಚ್ಚಿನವರು 18 ತುಂಬದವರು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಹಾಗಾದರೆ ನಮಗೆ ಪಾಲು ಕೇಳುವ ದಾರಿಯೇ ಇಲ್ಲವೇ?

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 30ನೇ ಕಲಂ ಓದಿದರೆ ಒಂದು ಒಳ್ಳೆಯ ಮಾದರಿ ಸಿಗುತ್ತದೆ. ಅಪ್ರಾಪ್ತ ವಯಸ್ಕ ಪಾಲುದಾರನಾಗುವಂತಿಲ್ಲ. ಆದರೆ ಎಲ್ಲ ಪಾಲುದಾರರು ಒಪ್ಪಿದರೆ ಅವನನ್ನು ಸಂಸ್ಥೆಯ ಪ್ರಯೋಜನಗಳಿಗೆ ಸೇರಿಸಿಕೊಳ್ಳಬಹುದು. ಆಗ ಅವನಿಗೆ ಮೂರು ರಕ್ಷಣೆ ಸಿಗುತ್ತವೆ. ಒಪ್ಪಿದ ಪಾಲಿನ ಲಾಭ ಅವನಿಗೆ ಬರಬೇಕು. ಸಂಸ್ಥೆಯ ಲೆಕ್ಕಪತ್ರಗಳನ್ನು ಅವನು ನೋಡಬಹುದು, ನಕಲು ಮಾಡಿಕೊಳ್ಳಬಹುದು. ಸಂಸ್ಥೆಯ ಸಾಲಕ್ಕೆ ಅವನ ಪಾಲು ಹೊಣೆಯಾದರೂ ಅವನು ವೈಯಕ್ತಿಕವಾಗಿ ಹೊಣೆಯಲ್ಲ. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರು ಲಾಭವನ್ನು ಸಮನಾಗಿ ಹಂಚಿಕೊಳ್ಳಬೇಕು.

ಕಾಲೇಜು ಪಾಲುದಾರಿಕೆ ಸಂಸ್ಥೆ ಅಲ್ಲ ಎಂಬುದು ನಿಜ. ಈ ಕಲಂ ನೇರವಾಗಿ ನಮಗೆ ಅನ್ವಯಿಸುವುದಿಲ್ಲ. ಆದರೆ 1932ರಲ್ಲೇ ಕಾನೂನು ಬರೆದವರು ಒಬ್ಬ ಹುಡುಗನಿಗೆ ಪಾಲು ಕೊಟ್ಟು, ಲೆಕ್ಕ ತೋರಿಸಿ, ನಷ್ಟದಿಂದ ಕಾಪಾಡಬಹುದು ಎಂದು ಯೋಚಿಸಿದ್ದರು. ವಯಸ್ಸು ಚಿಕ್ಕದು ಎಂಬುದು ಪಾಲು ಕೊಡದಿರಲು ಕಾರಣವಲ್ಲ. ನಷ್ಟ ಹೊರಿಸದಿರಲು ಕಾರಣ.

7. ಒಂದು ಲೆಕ್ಕ ಮಾಡಿ ನೋಡೋಣ

ಉದಾಹರಣೆಗೆ ಒಂದು ಕಾಲೇಜಿನ ಕಬಡ್ಡಿ ತಂಡಕ್ಕೆ ಒಂದು ವರ್ಷದಲ್ಲಿ ದಾನಿಗಳು ಕೊಟ್ಟ ಬಹುಮಾನ 30,000 ರೂ., ಪ್ರಾಯೋಜಕರಿಂದ 20,000 ರೂ. ಬಂತು ಎಂದುಕೊಳ್ಳೋಣ. ಇವು ಊಹೆಯ ಅಂಕಿಗಳು, ಲೆಕ್ಕದ ಕ್ರಮ ಮಾತ್ರ ಮುಖ್ಯ.

ಒಟ್ಟು ಸ್ವೀಕೃತಿ: 50,000 ರೂ.

ಖರ್ಚು:
ಮ್ಯಾಟ್ ಬಾಡಿಗೆ: 2,000 ರೂ.
ಪ್ರಯಾಣ: 5,400 ರೂ.
ಊಟ ತಿಂಡಿ: 4,600 ರೂ.
ಉಡುಪು, ಶೂ: 7,200 ರೂ.
ಪ್ರಥಮ ಚಿಕಿತ್ಸೆ: 2,000 ರೂ.
ಒಟ್ಟು ಖರ್ಚು: 21,200 ರೂ.

ಉಳಿತಾಯ: 28,800 ರೂ.

ಹಂಚಿಕೆ:
ಗಾಯ ನಿಧಿ, ಶೇ. 25: 7,200 ರೂ.
ಎಲ್ಲ ತಂಡಗಳ ಕ್ರೀಡಾ ನಿಧಿ, ಶೇ. 25: 7,200 ರೂ.
ಆಟಗಾರರ ಪಾಲು, ಶೇ. 50: 14,400 ರೂ.
12 ಆಟಗಾರರಿಗೆ ತಲಾ: 1,200 ರೂ.

ಇದರಲ್ಲಿ ನಾಲ್ಕು ವಿಷಯ ಗಮನಿಸಿ.

ಒಂದು, ಖರ್ಚು ಮೊದಲು ಕಳೆಯಬೇಕು. ಬಸ್ ಚಾರ್ಜು ಆಟಗಾರನ ಜೇಬಿನಿಂದ ಹೋಗಿ, ಬಹುಮಾನ ಮಾತ್ರ ಹಂಚಿದರೆ ಅದು ನಿಜವಾದ ಲಾಭ ಅಲ್ಲ.

ಎರಡು, ಗಾಯ ನಿಧಿಯನ್ನು ಪಾಲಿಗಿಂತ ಮೊದಲು ತೆಗೆದಿಡಬೇಕು. 1,200 ರೂಪಾಯಿ ಒಂದು ಜೊತೆ ಶೂಗೆ ಆಗಬಹುದು. ಮೊಣಕಾಲಿನ ಸ್ಕ್ಯಾನಿಂಗ್ ಬಂದಾಗ ಕೈ ಹಿಡಿಯುವುದು ನಿಧಿ. ಗಾಯ ಆಗದ ವರ್ಷ ಅದು ಮುಂದಿನ ವರ್ಷಕ್ಕೆ ಉಳಿಯುತ್ತದೆ. ಆ ಹಣದಲ್ಲಿ ಇಡೀ ತಂಡಕ್ಕೆ ಅಪಘಾತ ವಿಮೆ ಮಾಡಿಸುವುದನ್ನೂ ಯೋಚಿಸಬಹುದು.

ಮೂರು, ಕ್ರೀಡಾ ನಿಧಿ ಜನ ಸೇರದ ತಂಡಗಳಿಗಾಗಿ. ಕಬಡ್ಡಿಗೆ ಪ್ರಾಯೋಜಕ ಸಿಗುತ್ತಾನೆ, ಹುಡುಗಿಯರ ಥ್ರೋಬಾಲ್‌ಗೆ ಸಿಗುವುದಿಲ್ಲ. ಕುರುಗೋಡಿನ ಹುಡುಗಿಗೆ ಸಂಜೆ ಅಭ್ಯಾಸ ಮುಗಿದ ಮೇಲೆ ಆಟೊ ಖರ್ಚು ಈ ನಿಧಿಯಿಂದ ಬಂದರೆ ಅವಳು ಆಟ ಬಿಡುವುದಿಲ್ಲ. 2022ರ ಅಕ್ಟೋಬರಿನಲ್ಲಿ ಬಿಸಿಸಿಐ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಎಂದು ಘೋಷಿಸಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಆಗ ಮಹಿಳಾ ಕ್ರಿಕೆಟ್ ಪುರುಷರಷ್ಟು ಹಣ ತರುತ್ತಿರಲಿಲ್ಲ. ಮೊದಲು ಪಾಲು ಕೊಟ್ಟರೆ ಆಟ ಬೆಳೆಯುತ್ತದೆ, ಆಟ ಬೆಳೆದ ಮೇಲೆ ಕೊಡುತ್ತೇವೆ ಎಂದರೆ ಬೆಳೆಯುವುದೇ ಇಲ್ಲ.

ನಾಲ್ಕು, 12 ಜನರಿಗೂ ಸಮ ಪಾಲು. ರೈಡ್ ಮಾಡಿ ಅಂಕ ತಂದವನಿಗೆ ಹೆಚ್ಚು ಕೊಡಬೇಕಲ್ಲವೇ ಎಂದು ಕೇಳಬಹುದು. ಅಂಗಳದಲ್ಲಿ 7 ಜನ ಆಡುತ್ತಾರೆ, 5 ಜನ ಹೊರಗೆ ಕೂತಿರುತ್ತಾರೆ. ಆದರೆ ಆ 5 ಜನ ದಿನವೂ ಅಭ್ಯಾಸದಲ್ಲಿ ಎದುರು ನಿಂತು ಹಿಡಿಯದಿದ್ದರೆ ರೈಡರ್ ತಯಾರಾಗುವುದಿಲ್ಲ. ತಂಡ ಗೆದ್ದ ಹಣ ಸಮನಾಗಿರಲಿ. ಉತ್ತಮ ರೈಡರ್ ಎಂದು ಒಬ್ಬನಿಗೇ ಕೊಟ್ಟ ಬಹುಮಾನ ಅವನದೇ ಇರಲಿ. ಅವನೊಬ್ಬನ ಫೋಟೊವನ್ನು ಅಂಗಡಿಯವರು ಜಾಹೀರಾತಿಗೆ ಬಳಸಿದರೆ ಆ ಹಣವೂ ಅವನದೇ.

ಲೆಕ್ಕ ಬರೆಯುವ ಕ್ರಮವೂ ಮುಖ್ಯ. ಲಾಭರಹಿತ ಸಂಸ್ಥೆಗಳ ಲೆಕ್ಕ ಕಲಿತವರಿಗೆ ಪಂದ್ಯಾವಳಿ ನಿಧಿ ಗೊತ್ತು. ಒಂದು ನಿರ್ದಿಷ್ಟ ಉದ್ದೇಶಕ್ಕೆ ಬಂದ ಹಣವನ್ನು ಸಂಸ್ಥೆಯ ಸಾಮಾನ್ಯ ಆದಾಯಕ್ಕೆ ಸೇರಿಸಬಾರದು. ಅದನ್ನು ಆಸ್ತಿ ಹೊಣೆ ಪಟ್ಟಿಯಲ್ಲಿ ಹೊಣೆಗಾರಿಕೆಯ ಕಡೆ ತೋರಿಸಿ, ಸಂಬಂಧಪಟ್ಟ ಖರ್ಚನ್ನು ಅದರಿಂದಲೇ ಕಳೆಯಬೇಕು. ಪರೀಕ್ಷೆಯಲ್ಲಿ ಇದನ್ನು ತಪ್ಪು ಕಡೆ ಬರೆದರೆ ಅಂಕ ಹೋಗುತ್ತದೆ. ಇದರ ಅರ್ಥ ಯೋಚಿಸಿದರೆ ಈ ಇಡೀ ಲೇಖನದ ಉತ್ತರ ಅಲ್ಲೇ ಇದೆ. ಆ ಹಣ ಸಂಸ್ಥೆಯ ಕೈಯಲ್ಲಿದೆ, ಆದರೆ ಸಂಸ್ಥೆಯದಲ್ಲ. ಕೊಡಬೇಕಾದದ್ದು.

8. ಆಕ್ಷೇಪಣೆಗಳು ಮತ್ತು ಉತ್ತರಗಳು

ಕಾಲೇಜು ಫೀಸಿನಲ್ಲಿ ರಿಯಾಯಿತಿ ಕೊಡುತ್ತದೆ, ಅದೇ ಪಾಲು ಅಲ್ಲವೇ? ಕೊಟ್ಟರೆ ಅದೂ ಪಾಲೇ. ಎಷ್ಟೋ ಆಟಗಾರರು ಆ ರಿಯಾಯಿತಿಯಿಂದಲೇ ಓದುತ್ತಿದ್ದಾರೆ, ಅದನ್ನು ಮರೆಯಬಾರದು. ಆದರೆ ಗಾಯವಾಗಿ ಆಟ ನಿಂತರೆ ರಿಯಾಯಿತಿಯೂ ನಿಲ್ಲುತ್ತದೆಯೇ ಎಂದು ಸೇರುವಾಗಲೇ ಬರೆದಿರಬೇಕು.

ಟ್ರಸ್ಟ್ ನಡೆಸುವ ಕಾಲೇಜು ಲಾಭ ಹಂಚುವಂತಿಲ್ಲ. ನಿಜ. ಆಡಳಿತ ನಡೆಸುವವರು ಲಾಭ ಹಂಚಿಕೊಳ್ಳಬಾರದು ಎಂಬುದು ಅದರ ಅರ್ಥ. ವಿದ್ಯಾರ್ಥಿಗೆ ಬಹುಮಾನವಾಗಿ, ವಿದ್ಯಾರ್ಥಿವೇತನವಾಗಿ, ಚಿಕಿತ್ಸೆಯಾಗಿ ಕೊಡುವುದು ಸಂಸ್ಥೆಯ ಉದ್ದೇಶಕ್ಕೆ ವಿರುದ್ಧವಲ್ಲ.

ಹಣ ಬಂದರೆ ಓದು ಕೆಡುತ್ತದೆ. ಈ ಭಯಕ್ಕೆ ಕಾರಣ ಇದೆ. ವಾರ್ಷಿಕ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಟೂರ್ನಮೆಂಟ್ ಹಣದ ಆಸೆಗೆ ಊರೂರು ತಿರುಗಿ ಹಾಜರಾತಿ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ಪಾಲು ಕಾಲೇಜಿನ ಮೂಲಕ, ಬ್ಯಾಂಕ್ ಖಾತೆಗೆ, ವರ್ಷಕ್ಕೊಮ್ಮೆ ಬರುವುದು ಒಳ್ಳೆಯದು. ಹಾಜರಾತಿ ಇದ್ದವರಿಗೆ ಎಂಬ ಷರತ್ತೂ ನ್ಯಾಯವೇ.

ಇಷ್ಟು ಚಿಕ್ಕ ಮೊತ್ತಕ್ಕೆ ಇಷ್ಟು ಬರವಣಿಗೆ ಏಕೆ? ದೊಡ್ಡ ಮೊತ್ತ ಬಂದ ಮೇಲೆ ಜಗಳವಿಲ್ಲದೆ ನಿಯಮ ಬರೆಯಲು ಆಗುವುದಿಲ್ಲ. ಸಾಲದ ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ ಬರೆದಿಡಬೇಕೆಂದು ಪವಿತ್ರ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿ ಬೋಧಿಸಲಾಗಿದೆ. ಅಕೌಂಟೆನ್ಸಿ ಮೊದಲ ದಿನ ನಮಗೆ ಕಲಿಸುವುದೂ ಅದನ್ನೇ.

9. ಮಾಡಬಹುದಾದದ್ದು

ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ವರ್ಷದ ಆರಂಭದಲ್ಲಿ ಪ್ರಾಂಶುಪಾಲರು, ಪಿ.ಟಿ. ಸರ್, ಪ್ರತಿ ತಂಡದ ನಾಯಕ ಅಥವಾ ನಾಯಕಿ ಮತ್ತು ಒಬ್ಬ ಪೋಷಕರು ಕೂತು ಒಂದು ಪುಟದ ಒಪ್ಪಂದ ಬರೆಯಲಿ. ಬಹುಮಾನ ಹೇಗೆ ಹಂಚಬೇಕು, ಗಾಯವಾದರೆ ಯಾವ ನಿಧಿಯಿಂದ ಎಷ್ಟು, ಫೋಟೊ ಬಳಸಲು ಯಾರ ಒಪ್ಪಿಗೆ ಬೇಕು ಎಂಬ ಮೂರು ವಿಷಯ ಅದರಲ್ಲಿರಲಿ. 18 ತುಂಬದವರ ಪರವಾಗಿ ಪೋಷಕರು ಸಹಿ ಮಾಡಲಿ. ವರ್ಷದ ಕೊನೆಗೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಆ ಲೆಕ್ಕ ಬರೆದುಕೊಡುವ ಕೆಲಸವನ್ನು ನಮ್ಮ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೇ ಮಾಡಬಹುದು. ನಮಗೂ ಅದು ಒಳ್ಳೆಯ ಪ್ರಾಜೆಕ್ಟ್.

ಚರ್ಚೆಗೆ ಪ್ರಶ್ನೆಗಳು

1. ಮೇಲಿನ ಲೆಕ್ಕದಲ್ಲಿ ಒಬ್ಬ ಆಟಗಾರನ ಚಿಕಿತ್ಸೆಗೆ 10,000 ರೂ. ಬೇಕಾಯಿತು. ಗಾಯ ನಿಧಿಯಲ್ಲಿ 7,200 ರೂ. ಮಾತ್ರ ಇದೆ. ಉಳಿದ 2,800 ರೂ. ಆಟಗಾರರ ಪಾಲಿನಿಂದ ತೆಗೆಯಬೇಕೇ, ಕ್ರೀಡಾ ನಿಧಿಯಿಂದ ತೆಗೆಯಬೇಕೇ? ಆಟಗಾರರ ಪಾಲಿನಿಂದ ತೆಗೆದರೆ ತಲಾ ಎಷ್ಟು ಉಳಿಯುತ್ತದೆ?

2. ಬಹುಮಾನ ಮತ್ತು ಪಾಲು, ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಖೋ ಖೋ ವಿಶ್ವಕಪ್ ಉದಾಹರಣೆಯಿಂದ ವಿವರಿಸಿ.

3. ಬ್ಯಾನರ್‌ನಲ್ಲಿ ಹೆಚ್ಚು ಅಂಕ ಪಡೆದವರ ಫೋಟೊವೂ ಇರುತ್ತದೆ. ಅವರಿಗೂ ಪಾಲು ಕೊಡಬೇಕೇ? ಆಟಗಾರನಿಗೂ ಅವರಿಗೂ ಇರುವ ವ್ಯತ್ಯಾಸವೇನು? ಉತ್ತರವನ್ನು ಒಂದು ಪುಟಕ್ಕೆ ಮೀರದಂತೆ ಬರೆದು ವಾಣಿಜ್ಯ ವಿಭಾಗಕ್ಕೆ ಕೊಡಿ. ಉತ್ತಮ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ.